ತಗ್ಗು ಕರಾವಳಿಯಲ್ಲಿ ಚಂಡಮಾರುತದ ಆಶ್ರಯ: ಕಟ್ಟಡ ಮೊದಲೋ, ಹೊರಡುವ ಗಂಟೆ ಮೊದಲೋ?

ಅಳಿವೆದಂಡೆ:

ಎಲ್ಲರಿಗೂ ನಮಸ್ಕಾರ. ಕಡಲಿಗೂ ಹಿನ್ನೀರಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ತಗ್ಗು ವಸತಿಗೆ ಚಂಡಮಾರುತದ ತುರ್ತು ಯೋಜನೆ ಬರೆಯುವ ಸಮಿತಿಯಲ್ಲಿ ನಾನೂ ಒಬ್ಬ. ಹೊರಗೆ ಹೋಗಲು ಇರುವುದು ಒಂದೇ ರಸ್ತೆ, ಆ ರಸ್ತೆಗೆ ಒಂದೇ ಸೇತುವೆ. ಕಳೆದ ಮೂರು ಸಭೆಗಳಲ್ಲಿ ನಾವು ಮಾತಾಡಿದ್ದೆಲ್ಲ ಆಶ್ರಯ ಕೇಂದ್ರದ ಕಟ್ಟಡದ ಬಗ್ಗೆಯೇ: ಎಲ್ಲಿ ಕಟ್ಟಬೇಕು, ಎಷ್ಟು ಅಂತಸ್ತು, ಎಷ್ಟು ಜನ ಹಿಡಿಸಬೇಕು. ಕರಡಿನ ಮೊದಲ ಇಪ್ಪತ್ತು ಪುಟಗಳ ತುಂಬ ನಕ್ಷೆಗಳಿವೆ. ಯಾರನ್ನು ಯಾವ ಹೊತ್ತಿಗೆ ಹೊರಡಿಸಬೇಕು, ಹೊರಡಿ ಎಂದು ಯಾರು ಹೇಳಬೇಕು, ತಾವಾಗಿ ಹೊರಡಲಾರದವರನ್ನು ಯಾರು ಕರೆದೊಯ್ಯಬೇಕು ಎಂಬುದಕ್ಕೆ ಸಿಕ್ಕಿರುವುದು ಕೊನೆಯ ಒಂದೂವರೆ ಪುಟ. ಈ ಕ್ರಮವೇ ತಿರುವುಮುರುವಾಗಿದೆ ಎಂದು ನನಗನ್ನಿಸುತ್ತಿದೆ. ನಾಲ್ಕನೆಯ ಸಭೆಗೆ ಹೋಗುವ ಮುನ್ನ ತಿಳಿದವರ ಮಾತು ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಈ ಯೋಚನೆಗೆ ಹಚ್ಚಿದ್ದು 1957ರ ಜೂನ್ ತಿಂಗಳ ಆಡ್ರಿ ಚಂಡಮಾರುತ. ಅಮೆರಿಕದ ಲೂಸಿಯಾನಾ ರಾಜ್ಯದ ಕ್ಯಾಮರಾನ್ ಎಂಬ ತಗ್ಗು ಕರಾವಳಿಯ ಜನರಿಗೆ ಮುನ್ನೆಚ್ಚರಿಕೆ ತಲುಪಿರಲಿಲ್ಲ ಎನ್ನುವ ಹಾಗಿಲ್ಲ, ತಲುಪಿತ್ತು. ಹಿಂದಿನ ರಾತ್ರಿಯ ಸೂಚನೆಯನ್ನು ಕೇಳಿ, ಬೆಳಗ್ಗೆ ಎದ್ದು ಹೊರಟರಾಯಿತು ಎಂದು ಎಷ್ಟೋ ಮನೆಯವರು ಮಲಗಿದರು. ರಾತ್ರಿಯಲ್ಲಿ ಚಂಡಮಾರುತದ ವೇಗ ಹೆಚ್ಚಿತು, ಬಲವೂ ಹೆಚ್ಚಿತು. ಬೆಳಗಾಗುವ ಹೊತ್ತಿಗೆ ರಸ್ತೆಯ ಮೇಲೆ ನೀರಿತ್ತು. ಸತ್ತವರು ನಾನೂರಕ್ಕೂ ಹೆಚ್ಚು. ಅದೇ ಕ್ಯಾಮರಾನ್ ಪ್ರದೇಶಕ್ಕೆ 2005ರಲ್ಲಿ ರೀಟಾ ಬಂದಾಗ ಮನೆಗಳು ಬುಡಸಮೇತ ಹೋದವು, ಆದರೆ ಜನ ಬಹುತೇಕ ಮೊದಲೇ ಹೊರಟಿದ್ದರು. ನಡುವಿನ ಅವಧಿಯಲ್ಲಿ ಊರು ಎತ್ತರವಾಗಿರಲಿಲ್ಲ. ಜನ ಹೊರಡುವ ಹೊತ್ತು ಹಿಂದಕ್ಕೆ ಬಂದಿತ್ತು, ಅಷ್ಟೆ.

ಆದ್ದರಿಂದ ನನ್ನ ಸಲಹೆ ಇದು. ಯೋಜನೆಯ ಮೊದಲ ಪುಟದಲ್ಲಿ ಕಟ್ಟಡ ಬೇಡ, ಗಂಟೆಗಳ ಲೆಕ್ಕ ಇರಲಿ, ಆ ಲೆಕ್ಕವನ್ನು ಹಿಂದಿನಿಂದ ಎಣಿಸೋಣ. ಗಾಳಿಯ ವೇಗ ಗಂಟೆಗೆ ಸುಮಾರು 63 ಕಿಲೋಮೀಟರ್ ಮುಟ್ಟಿದ ಮೇಲೆ ಎತ್ತರದ ವಾಹನಗಳನ್ನು ಸೇತುವೆಯ ಮೇಲೆ ಬಿಡುವುದು ಅಪಾಯ; ಅಷ್ಟರೊಳಗೆ ತೆರವು ಮುಗಿದಿರಬೇಕು ಎಂಬುದು ಹಲವು ಕಡೆ ಒಪ್ಪಿದ ಗೆರೆ. ಆ ಗಾಳಿ ಸಂಜೆ ಆರಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ವಾಹನಗಳು ಸೇತುವೆ ದಾಟಲು ಒಂಬತ್ತು ಗಂಟೆ ಬೇಕಾದರೆ ಮೊದಲ ವಾಹನ ಬೆಳಗ್ಗೆ ಒಂಬತ್ತಕ್ಕೆ ಹೊರಡಬೇಕು. ಹಾಸಿಗೆ ಹಿಡಿದವರನ್ನು ವಾಹನಕ್ಕೆ ಏರಿಸಲು ಐದು ಗಂಟೆ ಬೇಕಾದರೆ ಆ ಕೆಲಸ ನಸುಕಿನ ನಾಲ್ಕಕ್ಕೆ ಶುರುವಾಗಬೇಕು. ಕತ್ತಲಲ್ಲಿ ಅದು ಆಗುವ ಮಾತಲ್ಲ. ಹಾಗಾದರೆ ತೀರ್ಮಾನ ಹಿಂದಿನ ದಿನ ಮಧ್ಯಾಹ್ನವೇ ಆಗಿರಬೇಕು. ಆ ಮಧ್ಯಾಹ್ನ ಆಕಾಶ ತಿಳಿಯಾಗಿರುತ್ತದೆ, ಕಡಲೂ ಹೆಚ್ಚುಕಡಿಮೆ ಶಾಂತವಾಗಿರುತ್ತದೆ. ಬಿಸಿಲಿನಲ್ಲಿ ನಿಂತು ‘ಹೊರಡಿ’ ಎನ್ನುವ ಧೈರ್ಯ ಯಾರಿಗಿದೆ, ಅದನ್ನು ನಂಬುವವರು ಎಷ್ಟು ಜನ ಎಂಬುದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಕಂಬತೊಲೆ:

ಅಳಿವೆದಂಡೆ ಅವರೇ, ನಿಮ್ಮ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಕಟ್ಟಡವನ್ನು ಹಿಂದಿನ ಸಾಲಿಗೆ ತಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಕಟ್ಟಡಗಳ ಬಲದ ಲೆಕ್ಕ ಹಾಕುವ ಎಂಜಿನಿಯರ್. ವೃತ್ತಿಯ ಪಕ್ಷಪಾತ ಇರಬಹುದು, ಆದರೂ ಹೇಳಲೇಬೇಕು.

ಹೊರಹೋಗುವ ದಾರಿಯೇ ಇಲ್ಲದ ಜಾಗಗಳಿವೆ. ಗಂಗಾ–ಬ್ರಹ್ಮಪುತ್ರ ನದಿಮುಖದ ದ್ವೀಪಗಳನ್ನು ನೋಡಿ. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಸತ್ತವರು 3 ಲಕ್ಷದಿಂದ 5 ಲಕ್ಷ ಎಂದು ಅಂದಾಜು. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದಲ್ಲಿ ಸತ್ತವರು ಸುಮಾರು 1.38 ಲಕ್ಷ. ಅಲ್ಲಿನ ಜನಕ್ಕೆ ‘ಹಿಂದಿನ ಮಧ್ಯಾಹ್ನವೇ ಹೊರಡಿ’ ಎಂದರೆ ಎಲ್ಲಿಗೆ ಹೊರಡಬೇಕು? ಅಲ್ಲಿ ಜೀವ ಉಳಿಸಿದ್ದು ಕಾಂಕ್ರೀಟ್ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಆಶ್ರಯ ಕಟ್ಟಡಗಳು. ನೆಲಮಹಡಿಗೆ ಗೋಡೆ ಹಾಕದೆ ಬಿಡುತ್ತಾರೆ; ನೀರು ಕಂಬಗಳ ನಡುವೆ ಹಾದುಹೋಗಲಿ ಎಂಬುದೇ ಅದರ ಉದ್ದೇಶ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಅಂಥ ನೀರು ಅಲೆಯಾಗಿ ಬಂದು ಅಪ್ಪಳಿಸುವಾಗ ಅದಕ್ಕೆ ಎದೆಯೊಡ್ಡಿ ನಿಲ್ಲುವ ಗೋಡೆಯನ್ನು ಕಟ್ಟುವುದಕ್ಕಿಂತ ಅದಕ್ಕೆ ದಾರಿ ಬಿಡುವುದು ಜಾಣತನ. ಉಳಿದ ದಿನಗಳಲ್ಲಿ ಮೇಲಿನ ಮಹಡಿಯಲ್ಲಿ ಶಾಲೆ ನಡೆಯುವ ಏರ್ಪಾಡೂ ಬಹಳ ಕಡೆ ಇದೆ. ಮಕ್ಕಳು ದಿನವೂ ಹತ್ತಿಳಿಯುವ ಮೆಟ್ಟಿಲು ಕತ್ತಲಲ್ಲೂ ಪರಿಚಿತವಾಗಿರುತ್ತದೆ, ಬಾಗಿಲು ತುಕ್ಕು ಹಿಡಿಯುವುದಿಲ್ಲ, ಬೋರ್‌ವೆಲ್ ಕೆಟ್ಟರೆ ಮರುದಿನವೇ ಗೊತ್ತಾಗುತ್ತದೆ.

ಇನ್ನು, ಗಾಳಿಯ ಆಶ್ರಯ ಬೇರೆ, ನೀರಿನ ಆಶ್ರಯ ಬೇರೆ. ಈ ಎರಡನ್ನು ಬೆರೆಸಿದಲ್ಲೆಲ್ಲ ಜನ ಸತ್ತಿದ್ದಾರೆ. ಚಂಡಮಾರುತದ ನಡುವೆ ವಾಯುಭಾರ ಕುಸಿಯುವುದರಿಂದ ಕಡಲು ಏರುವುದು ಸ್ವಲ್ಪವೇ, ಒಂದು ಮಿಲಿಬಾರಿಗೆ ಸುಮಾರು ಒಂದು ಸೆಂಟಿಮೀಟರ್. ನಿಜವಾದ ಉಬ್ಬರ ಬರುವುದು ಗಾಳಿಯು ನೀರನ್ನು ದಡದ ಕಡೆಗೆ ಗಂಟೆಗಟ್ಟಲೆ ತಳ್ಳುವುದರಿಂದ. ತೀರದ ಮುಂದಿನ ಕಡಲತಳ ಆಳವಿಲ್ಲದೆ ಬಹುದೂರ ಚಾಚಿಕೊಂಡಿದ್ದರೆ ನೀರಿಗೆ ಕೆಳಗಿನಿಂದ ವಾಪಸು ಹೋಗಲು ಎಡೆಯಿರುವುದಿಲ್ಲ, ಅದು ಮೇಲಕ್ಕೇಳುತ್ತದೆ. 2005ರ ಕತ್ರಿನಾ ಚಂಡಮಾರುತದಲ್ಲಿ ಮಿಸಿಸಿಪಿ ಕರಾವಳಿಯಲ್ಲಿ ನೀರು 8 ಮೀಟರಿಗೂ ಮೇಲೇರಿತು. ಅದು ದಡ ಮುಟ್ಟುವಾಗ ಗಾಳಿಯ ಲೆಕ್ಕದಲ್ಲಿ ಮೂರನೆಯ ದರ್ಜೆಯ ಚಂಡಮಾರುತವಾಗಿತ್ತು. ಒಂದರಿಂದ ಐದರವರೆಗಿನ ದರ್ಜೆ ಅಳೆಯುವುದು ಗಾಳಿಯನ್ನು ಮಾತ್ರ. ಫಿಲಿಪ್ಪೀನ್ಸಿನ ಟಕ್ಲೋಬಾನ್ ನಗರದಲ್ಲಿ 2013ರ ನವೆಂಬರಿನಲ್ಲಿ ಹೈಯಾನ್ ಬಂದಾಗ ಗಾಳಿಗೆ ಗಟ್ಟಿಯೆನಿಸಿದ್ದ ಕಟ್ಟಡಗಳಲ್ಲಿ ಜನ ಆಶ್ರಯ ಪಡೆದಿದ್ದರು. ಅವುಗಳಲ್ಲಿ ಕೆಲವು ಕಡಲ ಪಕ್ಕದಲ್ಲೇ ಇದ್ದವು, ನೀರು ಒಳನುಗ್ಗಿತು. ಹೊರಡಿ ಎಂದಾಗ ಹೊರಟು ಹೇಳಿದ ಜಾಗಕ್ಕೇ ಹೋದವರು ಅಲ್ಲೇ ಮುಳುಗಿದರೆಂದರೆ ಅದಕ್ಕಿಂತ ದೊಡ್ಡ ವಿಶ್ವಾಸಭಂಗ ಇನ್ನೇನಿದೆ? ಕಟ್ಟಡದ ಚರ್ಚೆಗೆ ಇಪ್ಪತ್ತು ಪುಟ ಹೆಚ್ಚಲ್ಲ.

ರಾತ್ರಿಪಾಳಿ:

ನಾನು ನರ್ಸ್. ವಯಸ್ಸಾದವರ ಆರೈಕೆಯಲ್ಲಿ ಬಹಳ ವರ್ಷ ಕಳೆದಿದ್ದೇನೆ. ಕಂಬತೊಲೆ ಸರ್ ಮತ್ತು ಅಳಿವೆದಂಡೆ ಅವರು ಇಬ್ಬರೂ ‘ಜನ’ ಎಂಬ ಪದ ಬಳಸಿದ್ದೀರಿ. ಆ ಪದದೊಳಗೆ ಓಡಬಲ್ಲವರೂ ಇದ್ದಾರೆ, ಎದ್ದು ಕೂರಲಾರದವರೂ ಇದ್ದಾರೆ. ಯೋಜನೆ ಬರೆಯುವವರ ಕಣ್ಣಮುಂದೆ ಸಾಮಾನ್ಯವಾಗಿ ಮೊದಲನೆಯವರಿರುತ್ತಾರೆ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಊರು, ಸಂಸ್ಥೆಯ ಹೆಸರು ಬೇಡ. ಒಂದು ಆಶ್ರಯ ಕೇಂದ್ರದಲ್ಲಿ ನಾನು ಪಾಳಿಯಲ್ಲಿದ್ದೆ. ಕಟ್ಟಡ ಗಟ್ಟಿಯಾಗಿತ್ತು, ಎತ್ತರದಲ್ಲಿತ್ತು, ಒಂದು ಹನಿ ನೀರೂ ಒಳಗೆ ಬರಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಯಿತು, ದೀಪಗಳು ಬಂದವು, ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಗೋಡೆಯ ಪ್ಲಗ್ಗುಗಳಿಗೆ ಕರೆಂಟ್ ಬರಲಿಲ್ಲ. ಜನರೇಟರಿನ ತಂತಿ ಎಳೆದಿದ್ದದ್ದು ದೀಪಗಳಿಗೆ ಮತ್ತು ಕಚೇರಿ ಕೋಣೆಯ ಒಂದು ಪ್ಲಗ್ಗಿಗೆ ಮಾತ್ರ. ಆಮ್ಲಜನಕದ ಯಂತ್ರದ ಮೇಲಿದ್ದವರು ಮೂವರು. ಮೂವರ ಮಂಚಗಳನ್ನೂ ಆ ಸಣ್ಣ ಕೋಣೆಗೆ ಎಳೆದೆವು. ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರನೆಯ ಯಂತ್ರ ಚುಚ್ಚಿದೊಡನೆ ಟ್ರಿಪ್ ಆಗುತ್ತಿತ್ತು. ಹಾಗಾಗಿ ಇಬ್ಬರಿಗೆ ಯಂತ್ರ, ಒಬ್ಬರಿಗೆ ಇದ್ದ ಒಂದೇ ಸಿಲಿಂಡರ್. ಅದು ಬರಿದಾದ ಮೇಲೆ ಬೆಳಗಿನವರೆಗೆ ಸರದಿಯ ಮೇಲೆ. ಅವರಲ್ಲಿ ಒಬ್ಬ ಅಜ್ಜ ತಮ್ಮ ಸರದಿ ಬಂದಾಗ ನಳಿಕೆಯನ್ನು ಕೈಯಲ್ಲೇ ಹಿಡಿದು, ‘ಆ ತಾಯಿಗೆ ಇನ್ನೊಂದು ಐದು ನಿಮಿಷ ಇರಲಿ ಮಗಳೇ’ ಎಂದರು. ಮೂವರೂ ಉಳಿದರು. ಆದರೆ ಆ ಐದು ನಿಮಿಷವನ್ನು ಅವರು ಬಿಟ್ಟುಕೊಡಬೇಕಾದ ಸ್ಥಿತಿ ಬಂದದ್ದು ಚಂಡಮಾರುತದಿಂದಲ್ಲ. ತಂತಿ ಎಳೆಯುವ ದಿನ ಇಲ್ಲಿ ಯಾರು ಬಂದು ಮಲಗುತ್ತಾರೆ ಎಂದು ಯಾರೂ ಕೇಳದಿದ್ದದ್ದರಿಂದ.

ಹಾಗೆಂದು ಅಶಕ್ತರನ್ನೆಲ್ಲ ದೂರಕ್ಕೆ ಸಾಗಿಸಿಬಿಡಿ ಎನ್ನುವುದೂ ಉತ್ತರವಲ್ಲ. 2005ರ ಸೆಪ್ಟೆಂಬರಿನಲ್ಲಿ ರೀಟಾ ಬರುವ ಮುನ್ನ ಟೆಕ್ಸಸ್‌ನಲ್ಲಿ ವೃದ್ಧಾಶ್ರಮದ ನಿವಾಸಿಗಳನ್ನು ಒಯ್ಯುತ್ತಿದ್ದ ಬಸ್ಸಿಗೆ ದಾರಿಯಲ್ಲಿ ಬೆಂಕಿ ಹತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ಜನ ಸತ್ತರು. 2017ರಲ್ಲಿ ಇರ್ಮಾ ಹಾದುಹೋದ ಮೇಲೆ ಫ್ಲಾರಿಡಾದ ಒಂದು ಆರೈಕೆ ಕೇಂದ್ರದಲ್ಲಿ ಹವಾನಿಯಂತ್ರಣ ನಿಂತು, ಸೆಕೆಯ ಬೇಗೆಯಲ್ಲಿ 12 ಜನ ಹಿರಿಯರು ತೀರಿಕೊಂಡರು. ಆಸ್ಪತ್ರೆ ಪಕ್ಕದಲ್ಲೇ ಇತ್ತು. ಇಂಥ ಕೇಂದ್ರಗಳು ಬದಲಿ ವಿದ್ಯುತ್ ಇಟ್ಟುಕೊಳ್ಳಲೇಬೇಕು ಎಂಬ ಕಾನೂನು ಆ ರಾಜ್ಯದಲ್ಲಿ ಬಂದದ್ದು ಅದರ ನಂತರ. 2021ರಲ್ಲಿ ಐಡಾ ಬಂದಾಗ ಲೂಸಿಯಾನಾದ ಏಳು ವೃದ್ಧಾಶ್ರಮಗಳ ಎಂಟುನೂರಕ್ಕೂ ಹೆಚ್ಚು ಜನರನ್ನು ಒಂದು ಗೋದಾಮಿನಲ್ಲಿ ತುಂಬಿದರು. ಕಾಗದದ ಮೇಲೆ ಅದೂ ‘ತೆರವು’ ಎಂದೇ ದಾಖಲಾಗಿತ್ತು. ಹೋದರೂ ಅಪಾಯ, ಇದ್ದರೂ ಅಪಾಯ ಎನ್ನುವವರಿಗೆ ಒಬ್ಬೊಬ್ಬರ ಹೆಸರಿನ ಮುಂದೆ ಪ್ರತ್ಯೇಕ ತೀರ್ಮಾನ ಬರೆದಿಡಬೇಕು, ಅದನ್ನು ಮಳೆಗಾಲಕ್ಕೆ ಮುಂಚೆಯೇ ಬರೆದಿಡಬೇಕು.

ದೋಣಿಮನೆ:

ನಾನು ಹೊರಡದೆ ಉಳಿದವನು. ಒಂದಲ್ಲ, ಎರಡು ಸಲ. ಇಲ್ಲಿ ಓದುತ್ತಿರುವವರಿಗೆ ನಮ್ಮಂಥವರು ಮೊಂಡರಾಗಿ ಕಾಣಬಹುದು, ಆದ್ದರಿಂದ ಕಾರಣಗಳನ್ನು ನೇರವಾಗಿ ಹೇಳುತ್ತೇನೆ.

ದೋಣಿ, ಬಲೆ, ಎಂಜಿನ್ ಇವೇ ನಮ್ಮ ಆಸ್ತಿ. ಬಿಟ್ಟುಹೋದರೆ ಹಗ್ಗ ಕಿತ್ತು ಹೋಗಬಹುದು, ಇಲ್ಲವೇ ಗಾಳಿ ನಿಂತ ಮೇಲೆ ಯಾರಾದರೂ ಎಂಜಿನ್ ಬಿಚ್ಚಿಕೊಂಡು ಹೋಗಬಹುದು. ಹಟ್ಟಿಯಲ್ಲಿ ದನ ಕಟ್ಟಿದೆ. ಹಗ್ಗ ಬಿಚ್ಚಿ ಬಿಟ್ಟು ಹೋಗುವುದೋ, ಕಟ್ಟಿಯೇ ಹೋಗುವುದೋ? ಬಸ್ಸು ಬಿಟ್ಟಿ ಬರುತ್ತದೆ ಸರಿ, ಆದರೆ ಮೂರು ದಿನ ಕೂಲಿ ಹೋಗುತ್ತದೆ. ಹಿಂದೆ ಎರಡು ಸಲ ಕರೆದೊಯ್ದಾಗ ಏನೂ ಆಗಲಿಲ್ಲ, ಚಂಡಮಾರುತ ಬೇರೆ ಕಡೆ ತಿರುಗಿತು. ಮೂರನೆಯ ಸಲ ಮನೆಯ ಹಿರಿಯರೇ ‘ಇವರದ್ದು ಯಾವಾಗಲೂ ಇದೇ’ ಅಂದರು. ಎರಡನೆಯ ಸಲ ನಾನು ಉಳಿದಾಗ ನೀರು ಅಂಗಳದ ತುಳಸಿಕಟ್ಟೆಯ ಮೇಲಕ್ಕೆ ಬಂತು. ಆ ರಾತ್ರಿ ನನಗೆ ಅರ್ಥವಾದದ್ದು: ನೀರು ಬರುತ್ತಿರುವುದು ಕಣ್ಣಿಗೆ ಕಂಡ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಹಾಗಂತ ನನ್ನ ಕಾರಣಗಳು ಸುಳ್ಳಾಗಲಿಲ್ಲ. ರಾತ್ರಿಪಾಳಿ ಸಿಸ್ಟರ್ ಹೇಳಿದ ಹಾಗೆ ಒಬ್ಬೊಬ್ಬರ ಹೆಸರಿನ ಮುಂದೆ ಬರೆಯುವುದಾದರೆ ನನ್ನ ಹೆಸರಿನ ಮುಂದೆ ದನವನ್ನೂ ಬರೆಯಿರಿ.

ಅಳಿವೆದಂಡೆ:

ದೋಣಿಮನೆ ಅವರೇ, ಇಷ್ಟು ಬಿಚ್ಚಿ ಬರೆದದ್ದಕ್ಕೆ ಕೃತಜ್ಞ. ಸಮಿತಿಯಲ್ಲಿ ನಿಮ್ಮಂಥವರು ಒಬ್ಬರೂ ಇಲ್ಲದಿರುವುದು ನಮ್ಮ ಮೊದಲ ತಪ್ಪು.

ನೀವು ಹೇಳಿದ ದನದ ಮಾತು ಹೊಸದಲ್ಲ, ಆದರೆ ಯೋಜನೆಗಳಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ಬಾಂಗ್ಲಾದೇಶದಲ್ಲಿ ಮಣ್ಣು ಪೇರಿಸಿ ಎತ್ತರದ ದಿಬ್ಬಗಳನ್ನು ಕಟ್ಟಿದ್ದಾರೆ, ಅವನ್ನು ಕಿಲ್ಲಾ ಎನ್ನುತ್ತಾರೆ. ಜಾನುವಾರು ಅಲ್ಲಿ ನಿಂತರೆ ಮನುಷ್ಯ ಆಶ್ರಯ ಕೇಂದ್ರಕ್ಕೆ ಬರುತ್ತಾನೆ. ಅಮೆರಿಕದಲ್ಲಿ ಕತ್ರಿನಾ ಸಮಯದಲ್ಲಿ ಸಾಕಿದ ನಾಯಿ, ಬೆಕ್ಕುಗಳನ್ನು ಬಿಟ್ಟುಬರಲೊಲ್ಲದೆ ಎಷ್ಟೋ ಜನ ಮನೆಯಲ್ಲೇ ಉಳಿದರು. ತೆರವಿನ ಯೋಜನೆಗಳು ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಕಾನೂನನ್ನು 2006ರಲ್ಲಿ ಅಲ್ಲಿ ಮಾಡಿದರು. ಪ್ರಾಣಿಗೆ ಜಾಗ ಕೊಡುವುದು ಪ್ರಾಣಿದಯೆ ಮಾತ್ರವಲ್ಲ, ಅದರ ಯಜಮಾನನನ್ನು ಹೊರಡಿಸುವ ದಾರಿಯೂ ಹೌದು.

ಕ್ಯೂಬಾದ ಪದ್ಧತಿಯನ್ನೂ ಗಮನಿಸಬೇಕು. 1963ರ ಫ್ಲೋರಾ ಚಂಡಮಾರುತದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಮೇಲೆ ಆ ದೇಶ ನಾಗರಿಕ ರಕ್ಷಣಾ ವ್ಯವಸ್ಥೆಯನ್ನು ಕಟ್ಟಿತು. ಅಲ್ಲಿ ತೆರವಾದವರಲ್ಲಿ ಹೆಚ್ಚಿನವರು ಸರ್ಕಾರಿ ಕೇಂದ್ರಗಳಿಗೆ ಹೋಗುವುದಿಲ್ಲ. ಎತ್ತರದ, ಗಟ್ಟಿ ಮನೆಗಳಲ್ಲಿರುವ ನೆಂಟರು, ನೆರೆಹೊರೆಯವರ ಮನೆಗೆ ಹೋಗುತ್ತಾರೆ. ಯಾರ ಮನೆಗೆ ಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ದೊಡ್ಡ ಸಭಾಂಗಣದ ನೆಲದಲ್ಲಿ ಮಲಗುವುದಕ್ಕಿಂತ ಪರಿಚಿತರ ಮನೆಯ ಜಗುಲಿ ಯಾರಿಗಾದರೂ ಹಿತ.

ದಾರಿಲೆಕ್ಕ:

ವಾಹನ ಸಂಚಾರದ ಲೆಕ್ಕ ಹಾಕುವುದು ನನ್ನ ಕೆಲಸ. ಅಳಿವೆದಂಡೆಯವರ ಒಂಬತ್ತು ಗಂಟೆಯ ಅಂದಾಜಿನಲ್ಲಿ ಒಂದು ಅಂಶ ಬಿಟ್ಟುಹೋಗಿದೆ: ಹೊರಡಬೇಕಾಗಿಲ್ಲದವರೂ ಹೊರಡುತ್ತಾರೆ.

ಕತ್ರಿನಾ ಆಗಿ ಒಂದು ತಿಂಗಳೂ ಕಳೆಯದೆ ರೀಟಾ ಬಂದಾಗ ಹ್ಯೂಸ್ಟನ್ ಸುತ್ತಮುತ್ತಲಿಂದ 25 ಲಕ್ಷಕ್ಕೂ ಹೆಚ್ಚು ಜನ ಒಮ್ಮೆಗೇ ರಸ್ತೆಗಿಳಿದರು. ಟೆಲಿವಿಷನ್ನಿನಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದ್ದನ್ನು ಕಂಡ ಭಯ ಇನ್ನೂ ಹಸಿಯಾಗಿತ್ತು. ಉಬ್ಬರದ ನೀರು ಎಂದೂ ತಲುಪದ ಒಳನಾಡಿನ ಬಡಾವಣೆಯವರೂ ಹೊರಟರು, ಅವರ ಕಾರುಗಳ ಹಿಂದೆ ನಿಜಕ್ಕೂ ಕಡಲ ಪಕ್ಕದಲ್ಲಿದ್ದವರು ಸಿಕ್ಕಿಹಾಕಿಕೊಂಡರು. ಇಂಧನ ಮುಗಿದ ಕಾರುಗಳು, ಬೇಗೆ, ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣ. ಆ ತೆರವಿನಲ್ಲೇ ಸುಮಾರು ನೂರು ಜನ ಸತ್ತರು. ಚಂಡಮಾರುತದ ನೇರ ಹೊಡೆತಕ್ಕೆ ಸತ್ತವರಿಗಿಂತ ಇದು ಬಹಳ ಹೆಚ್ಚು.

ಆದ್ದರಿಂದ ವಲಯಗಳನ್ನು ಗುರುತಿಸುವುದು ಮುಖ್ಯ. ಫ್ಲಾರಿಡಾದಲ್ಲಿ ಎ, ಬಿ, ಸಿ ಎಂಬ ಅಕ್ಷರಗಳ ತೆರವು ವಲಯಗಳಿವೆ. ಅವು ಗಾಳಿಯ ಮೇಲಲ್ಲ, ನೀರು ಎಲ್ಲಿಯವರೆಗೆ ಬರಬಹುದು ಎಂಬುದರ ಮೇಲೆ ನಿಂತಿವೆ. ಎ ವಲಯದವನು ಮೊದಲು ಹೊರಡುತ್ತಾನೆ, ವಲಯದಾಚೆಯ ಗಟ್ಟಿ ಮನೆಯವನು ಕಿಟಕಿಗೆ ಹಲಗೆ ಹೊಡೆದು ಅಲ್ಲೇ ಇರುತ್ತಾನೆ. ‘ನೀವು ಇರಿ’ ಎಂದು ಹೇಳುವುದೂ ‘ನೀವು ಹೊರಡಿ’ ಎಂದು ಹೇಳುವಷ್ಟೇ ಜವಾಬ್ದಾರಿಯ ಮಾತು, ಎರಡಕ್ಕೂ ನಕ್ಷೆ ಬೇಕು.

ಕಾರಿಲ್ಲದವರ ಲೆಕ್ಕ ಬೇರೆ. ಕತ್ರಿನಾ ಬಂದಾಗ ನ್ಯೂ ಆರ್ಲಿಯನ್ಸಿನಲ್ಲಿ ಸುಮಾರು ಒಂದು ಲಕ್ಷ ಜನರಿಗೆ ಸ್ವಂತ ವಾಹನವಿರಲಿಲ್ಲ. ಕಡ್ಡಾಯ ತೆರವಿನ ಆದೇಶ ಬಂದದ್ದು ಆಗಸ್ಟ್ 28ರಂದು, ಚಂಡಮಾರುತ ಬಂದದ್ದು 29ರ ಬೆಳಗ್ಗೆ. ಕೊನೆಯ ಆಸರೆಯಾಗಿ ತೆರೆದ ಸೂಪರ್‌ಡೋಮ್ ಕ್ರೀಡಾಂಗಣದ ಛಾವಣಿಯ ಹೊದಿಕೆ ಕಿತ್ತುಹೋಯಿತು, ವಿದ್ಯುತ್ ಹೋಯಿತು, ಶೌಚಾಲಯಗಳು ಕೆಟ್ಟವು. ಮುಂದೆ ಆ ನಗರ ಬಸ್ಸು ಬಂದು ಕರೆದೊಯ್ಯುವ 17 ಜಾಗಗಳನ್ನು ಗುರುತಿಸಿ, ಪ್ರತಿಯೊಂದರಲ್ಲೂ ಕೈ ಎತ್ತಿ ಬಸ್ಸು ನಿಲ್ಲಿಸುವ ಮನುಷ್ಯನ ಆಕಾರದ ದೊಡ್ಡ ಶಿಲ್ಪವನ್ನು ನೆಟ್ಟಿತು. ಓದಲು ಬಾರದವರಿಗೂ, ಮರೆವಿನವರಿಗೂ ಆ ಜಾಗ ನೆನಪಿರುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಉಪಾಯ.

ಆದರೆ ಹಿಂದಕ್ಕೆ ಎಣಿಸುವ ಲೆಕ್ಕಕ್ಕೂ ಒಂದು ಮಿತಿ ಇದೆ. ಐಡಾ ಎಷ್ಟು ಬೇಗ ಬಲಗೊಂಡಿತೆಂದರೆ ಅದೇ ನಗರಕ್ಕೆ ಇಡೀ ಊರನ್ನು ಕಡ್ಡಾಯವಾಗಿ ತೆರವು ಮಾಡಿಸಲು ಸಮಯವೇ ಉಳಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಮೆಕ್ಸಿಕೋದ ಅಕಪುಲ್ಕೋಗೆ ಬಂದ ಓಟಿಸ್ ಸುಮಾರು ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಐದನೆಯ ದರ್ಜೆಗೆ ಏರಿತು. ಇಂಥ ದಿನಕ್ಕೆ ಕಂಬತೊಲೆಯವರ ಎತ್ತರದ ಮಹಡಿ ಬೇಕೇ ಬೇಕು.

ಹವಾನೋಟ:

ಎಚ್ಚರಿಕೆಯ ಭಾಷೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಬಿಸಿಲಿನಲ್ಲಿ ನಿಂತು ಹೊರಡಿ ಎಂದರೆ ಯಾರು ನಂಬುತ್ತಾರೆ ಎಂಬ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಹೈಯಾನ್ ಬರುವ ಮುನ್ನ ‘ಸ್ಟಾರ್ಮ್ ಸರ್ಜ್’ (ಚಂಡಮಾರುತ ತರುವ ಕಡಲಿನ ಉಬ್ಬರ) ಬರುತ್ತದೆ ಎಂದು ಟಕ್ಲೋಬಾನಿನಲ್ಲಿ ಹೇಳಿದ್ದರು. ಆ ಪದ ಕೇಳಿದ ಎಷ್ಟೋ ಜನಕ್ಕೆ ಅದು ಜೋರಾದ ಮಳೆಗಾಳಿಯೋ, ನೀರಿನ ಗೋಡೆಯೋ ತಿಳಿಯಲಿಲ್ಲ. ಸುನಾಮಿಯ ಹಾಗೆ ಎಂದಿದ್ದರೆ ಓಡುತ್ತಿದ್ದೆವು ಎಂದು ಉಳಿದವರು ಆಮೇಲೆ ಹೇಳಿದರು. ಮುನ್ಸೂಚನೆಯ ನಕ್ಷೆಯ ಮೇಲೆ ಬಿಡಿಸುವ ಬಿಳಿ ಶಂಕುವಿನ ಆಕಾರವೂ ಹೀಗೇ ದಾರಿ ತಪ್ಪಿಸುತ್ತದೆ. ಚಂಡಮಾರುತದ ಕೇಂದ್ರ ಎಲ್ಲಿ ಹಾದುಹೋಗಬಹುದು ಎಂಬುದನ್ನಷ್ಟೇ ಅದು ತೋರಿಸುತ್ತದೆ, ಅದೂ ಮೂರರಲ್ಲಿ ಎರಡು ಸಲ ಮಾತ್ರ ಕೇಂದ್ರ ಆ ಗೆರೆಗಳೊಳಗೆ ಇರುತ್ತದೆ. 2022ರಲ್ಲಿ ಫ್ಲಾರಿಡಾಕ್ಕೆ ಇಯಾನ್ ಚಂಡಮಾರುತ ಬಂದಾಗ ಜನರ ಗಮನವೆಲ್ಲ ಉತ್ತರದ ಟ್ಯಾಂಪಾ ಕಡೆಗಿತ್ತು. ಫೋರ್ಟ್ ಮಯರ್ಸ್ ಇರುವ ಲೀ ಕೌಂಟಿಯಲ್ಲಿ ತೆರವಿನ ಆದೇಶ ಬಂದದ್ದು ಹಿಂದಿನ ದಿನ ಬೆಳಗ್ಗೆ, ಮರುದಿನ ಅಲ್ಲಿನ ಕಡಲ ಬದಿಯ ಬೀದಿಗಳ ಮೇಲೆ ನೀರು ಮೂರು ಮೀಟರಿಗೂ ಹೆಚ್ಚು ನಿಂತಿತು.

ಸಂಖ್ಯೆ, ದರ್ಜೆ, ಶಂಕುಗಳಿಗಿಂತ ಜನ ನಂಬುವುದು ಪರಿಚಿತ ಮುಖವನ್ನು. ಬಾಂಗ್ಲಾದೇಶದಲ್ಲಿ ಭೋಲಾ ದುರಂತದ ನಂತರ ಶುರುವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದಲ್ಲಿ ಇಂದು ಸುಮಾರು 76,000 ಸ್ವಯಂಸೇವಕರಿದ್ದಾರೆ, ಅರ್ಧದಷ್ಟು ಮಹಿಳೆಯರು. ಅಪಾಯ ಏರಿದಂತೆ ಒಂದು, ಎರಡು, ಮೂರು ಬಾವುಟ ಹಾರಿಸುತ್ತಾರೆ, ಮೆಗಾಫೋನ್ ಹಿಡಿದು ಮನೆಮನೆಗೆ ಹೋಗುತ್ತಾರೆ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2019ರ ಫನಿ ಬಂದಾಗ 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಅಲ್ಲಿ ಸತ್ತವರ ಸಂಖ್ಯೆ 64ಕ್ಕೆ ನಿಂತಿತು. ನಡುವಿನ ಇಪ್ಪತ್ತು ವರ್ಷದಲ್ಲಿ ಆಶ್ರಯ ಕಟ್ಟಡಗಳೂ ಎದ್ದವು, ಉಪಗ್ರಹದ ಮುನ್ಸೂಚನೆಯೂ ಸುಧಾರಿಸಿತು, ಬಾಗಿಲು ಬಡಿಯುವ ಜನರೂ ತಯಾರಾದರು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ಬಾರದು, ಆದರೆ ಮೂರನೆಯದಿಲ್ಲದೆ ಮೊದಲೆರಡು ಕೆಲಸ ಮಾಡುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಮನೆಬೆಳಕು:

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ. 1991ರಲ್ಲಿ ಬಾಂಗ್ಲಾದೇಶದಲ್ಲಿ ಸತ್ತವರಲ್ಲಿ ಹೆಂಗಸರು ಗಂಡಸರಿಗಿಂತ ಬಹಳ ಹೆಚ್ಚಿದ್ದರು. ಗಂಡಸರಿಲ್ಲದ ಹೊತ್ತಿನಲ್ಲಿ ಮನೆ ಬಿಡಬಹುದೇ ಎಂಬ ಹಿಂಜರಿಕೆ, ಕಂಕುಳಲ್ಲಿ ಮಗು, ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುವ ಸೀರೆ, ಅಪರಿಚಿತ ಗಂಡಸರ ನಡುವೆ ರಾತ್ರಿ ಕಳೆಯಬೇಕೆಂಬ ಸಂಕೋಚ, ಇವೆಲ್ಲ ಸೇರಿ ಹೊರಡುವ ಹೊತ್ತನ್ನು ತಡಮಾಡಿದವು.

ಕಂಬತೊಲೆ ಸರ್, ನಿಮ್ಮ ನಕ್ಷೆಯಲ್ಲಿ ಶೌಚಾಲಯ ಎಲ್ಲಿದೆ? ಹೊರಗಿದ್ದರೆ ಬಿರುಗಾಳಿಯ ರಾತ್ರಿ ಅದು ಇದ್ದೂ ಇಲ್ಲದಂತೆ. ಗಂಡಸರು ಮಲಗುವ ಜಾಗ ದಾಟಿಕೊಂಡೇ ಹೋಗಬೇಕಾಗಿದ್ದರೆ ಹೆಂಗಸರು ಇಡೀ ದಿನ ನೀರು ಕುಡಿಯದೆ ಕೂರುತ್ತಾರೆ, ಬಸುರಿಯರೂ ಸಹ. ಪರಿಹಾರ ಶಿಬಿರಗಳಿಗೆ ಅಂತಾರಾಷ್ಟ್ರೀಯವಾಗಿ ಒಪ್ಪಿದ ಅಳತೆಯಲ್ಲಿ ಮೊದಲ ದಿನಗಳಲ್ಲಿ 50 ಜನರಿಗೆ ಒಂದಾದರೂ ಶೌಚಾಲಯ, ಒಬ್ಬರಿಗೆ 3.5 ಚದರ ಮೀಟರ್ ಜಾಗ ಎಂದಿದೆ. ಸಂಖ್ಯೆಗಳನ್ನು ಪಾಲಿಸಿದರೆ ಸಾಲದು, ದಾರಿಯಲ್ಲಿ ಒಂದು ದೀಪ, ಒಳಗಿನಿಂದ ಹಾಕುವ ಚಿಲಕ, ಹಾಲೂಡಿಸಲು ಒಂದು ಮರೆ ಬೇಕು. ಇದಾವುದಕ್ಕೂ ಹೆಚ್ಚು ಹಣ ಬೇಕಿಲ್ಲ. ಒಂದು ಸಲ ಆ ಕಟ್ಟಡದಲ್ಲಿ ಕೆಟ್ಟ ರಾತ್ರಿ ಕಳೆದವಳು ಮುಂದಿನ ಸಲ ಮಕ್ಕಳನ್ನೂ ಕಟ್ಟಿಕೊಂಡು ಮನೆಯಲ್ಲೇ ಉಳಿಯುತ್ತಾಳೆ.

ಕಂಬತೊಲೆ:

ಮೇಡಂ, ನಕ್ಷೆ ತೆರೆದು ನೋಡಿದೆ. ಈಚೆಗೆ ನಾನು ಲೆಕ್ಕ ಹಾಕಿಕೊಟ್ಟ ಎರಡು ಕಟ್ಟಡಗಳಲ್ಲೂ ಶೌಚಾಲಯ ನೆಲಮಹಡಿಯಲ್ಲಿದೆ, ಅಂದರೆ ನೀರು ಬರುವ ಮಹಡಿಯಲ್ಲಿ. ಒಂದರಲ್ಲಿ ಅದನ್ನು ಮೇಲಕ್ಕೆ ತರಲು ಇನ್ನೂ ಸಮಯವಿದೆ, ತರುತ್ತೇನೆ. ಜನರೇಟರನ್ನೂ ನೆಲದಲ್ಲೇ ಕೂರಿಸಿದ್ದೆವು. ರಾತ್ರಿಪಾಳಿಯವರು ಹೇಳಿದ ಪ್ಲಗ್ಗಿನ ವಿಷಯವನ್ನು ವಿದ್ಯುತ್ ಕೆಲಸದವರಿಗೆ ಇಂದೇ ಬರೆದಿದ್ದೇನೆ. ಮೊದಲು ಒಳಗೆ ಬಂದು ಮಲಗುವವರ ಪಟ್ಟಿ, ಆಮೇಲೆ ನಕ್ಷೆ ಎಂಬ ಅಳಿವೆದಂಡೆಯವರ ಕ್ರಮವನ್ನು ಈಗ ಒಪ್ಪುತ್ತೇನೆ.

ರಾತ್ರಿಪಾಳಿ:

ಸರ್, ಜನರೇಟರನ್ನು ಮೇಲಕ್ಕೆ ತರುವಾಗ ಅದರ ಹೊಗೆ ಜನ ಮಲಗುವ ಕಡೆಗೆ ಬರದಂತೆ ನೋಡಿಕೊಳ್ಳಿ. 2020ರ ಲಾರಾ ಚಂಡಮಾರುತದ ನಂತರ ಲೂಸಿಯಾನಾದಲ್ಲಿ ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಸತ್ತವರು ಕಡಲಿನ ಉಬ್ಬರಕ್ಕೆ ಸತ್ತವರಿಗಿಂತ ಹೆಚ್ಚು. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಮನೆಗೆ ಹಿಂದಿರುಗುವವರಿಗೂ ಈ ಮಾತನ್ನು ಆಶ್ರಯ ಕೇಂದ್ರದಿಂದ ಹೊರಡುವ ಮುಂಚೆಯೇ ಹೇಳಿ ಕಳಿಸಬೇಕು.

ಅಳಿವೆದಂಡೆ:

ನಾಲ್ಕನೆಯ ಸಭೆ ನಿನ್ನೆ ಮುಗಿಯಿತು. ಕರಡಿನ ಮೊದಲ ಪುಟ ಬದಲಾಗಿದೆ. ಅಲ್ಲೀಗ ಹಿಂದಕ್ಕೆ ಎಣಿಸುವ ಗಂಟೆಗಳ ಪಟ್ಟಿ ಇದೆ, ಪ್ರತಿ ಗಂಟೆಯ ಮುಂದೆ ಒಬ್ಬ ವ್ಯಕ್ತಿಯ ಹುದ್ದೆ ಇದೆ. ಆ ಹುದ್ದೆಯವರು ಊರಲ್ಲಿಲ್ಲದಿದ್ದರೆ ಯಾರು ಎಂಬುದೂ ಇದೆ. ಎರಡನೆಯ ಪುಟದಲ್ಲಿ ತಾವಾಗಿ ಹೊರಡಲಾರದ 41 ಜನರಿದ್ದಾರೆ, ಒಬ್ಬೊಬ್ಬರಿಗೂ ಒಂದು ಸಾಲು: ಎತ್ತಲು ಎಷ್ಟು ಜನ ಬೇಕು, ಯಾವ ಯಂತ್ರ, ಯಾವ ಔಷಧಿ, ದೂರಕ್ಕೆ ಒಯ್ಯುವುದೋ ಮೇಲ್ಮಹಡಿಗೋ. ದನಗಳ ಲೆಕ್ಕ ಮೂರನೆಯ ಪುಟದಲ್ಲಿದೆ. ದಿಬ್ಬಕ್ಕೆ ಜಾಗ ಇನ್ನೂ ಸಿಕ್ಕಿಲ್ಲ, ಆ ಜಗಳ ಮುಂದಿನ ಸಭೆಗೆ. ಕಟ್ಟಡದ ಇಪ್ಪತ್ತು ಪುಟ ಹಾಗೆಯೇ ಉಳಿದಿವೆ, ಆದರೆ ಹಿಂದಕ್ಕೆ ಹೋಗಿವೆ.

ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ‘ಆ ಕಟ್ಟಡದ ಬೀಗದ ಕೈ ಯಾರ ಹತ್ತಿರ ಇರುತ್ತದೆ?’

ದೋಣಿಮನೆ:

ಮೂವರ ಹತ್ತಿರ ಇರಲಿ. ಮೂವರೂ ಕಟ್ಟಡಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುವವರಾಗಿರಲಿ, ಒಬ್ಬರಾದರೂ ಹೆಂಗಸಾಗಿರಲಿ. ತಿಂಗಳಿಗೊಂದು ಸಲ ಮೂರು ಕೀಲಿಯಿಂದಲೂ ಬೀಗ ತೆಗೆದು ನೋಡಬೇಕು. ಉಪ್ಪುಗಾಳಿಗೆ ಬೀಗ ಕಚ್ಚಿಕೊಳ್ಳುತ್ತದೆ. ಒಂದು ಕೀಲಿಯನ್ನು ನಾನು ಇಟ್ಟುಕೊಳ್ಳಲು ಸಿದ್ಧ.